ಹೊಳೆ ಇಳಿದಾಗ: ಕೆಸರಿನ ಹಾವಸೆಯನ್ನು ಗುರುತಿಸುವುದು, ಉಳಿಸುವುದು ಹೇಗೆ?

ದೀಪಾವಳಿ ಕಳೆದು ತುಂಗೆ ಇಳಿಯತೊಡಗಿದರೆ ತೀರ್ಥಹಳ್ಳಿಯಿಂದ ಕೂಡಲಿಯವರೆಗೂ ಅಲ್ಲಲ್ಲಿ ದಂಡೆಯ ಮೆಕ್ಕಲು ಬಯಲಾಗುತ್ತದೆ. ಇಂಥ ಹಸಿ ಕೆಸರಿನ ಮೇಲೆ ಮೊಳೆತು, ಕೆಲವೇ ವಾರಗಳಲ್ಲಿ ಬದುಕು ಮುಗಿಸುವ ಹಾವಸೆಗಳಿವೆ (ಇಂಗ್ಲಿಷಿನಲ್ಲಿ ಮಾಸ್). ಫಿಸ್ಕೊಮಿಟ್ರಿಯಮ್ ಕುಲದವು ಅವುಗಳಲ್ಲಿ ಮುಖ್ಯ. ಇದೇ ಕುಲದ ಒಂದು ಪ್ರಭೇದವನ್ನು 1962ರಲ್ಲಿ ಇಂಗ್ಲೆಂಡಿನ ಗ್ರ್ಯಾನ್ಸ್‌ಡನ್ ಕಾಡಿನಿಂದ ತಂದು, ಒಂದೇ ಬೀಜಕಣದಿಂದ ಬೆಳೆಸಿದ ತಳಿ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹಬ್ಬಿತು. 2008ರಲ್ಲಿ ಅದರ ಜೀನೋಮ್, ಅಂದರೆ ಇಡೀ ವಂಶವಾಹಿ ಮಾಹಿತಿ, ಪ್ರಕಟವಾಯಿತು, ಹಾವಸೆಗಳಲ್ಲೇ ಮೊದಲನೆಯದು. ನಮ್ಮ ಹೊಳೆಯಂಚಿನಲ್ಲಿ ಬಗ್ಗಿ ನೋಡುವವರು ಮಾತ್ರ ತೀರಾ ಕಡಿಮೆ. ಆ ಕೊರತೆ ನೀಗಲಿ ಎಂದೇ ಈ ಬರಹ.

ಮೊದಲು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಜೇಬಿನ ಲೆನ್ಸ್ ಒಂದನ್ನು ಹೊಂದಿಸಿಕೊಳ್ಳಿ. ಒಬ್ಬರೇ ಹೋಗಬೇಡಿ. ಗಾಜನೂರಿನಿಂದ ಕೆಳಗಾದರೆ ಅಣೆಕಟ್ಟೆಯಿಂದ ನೀರು ಬಿಡುತ್ತಾರೆಯೇ ಎಂದು ಕೇಳಿಕೊಂಡೇ ಇಳಿಯಿರಿ.

ನೀರಿನಂಚಿನಿಂದ ಸ್ವಲ್ಪ ಮೇಲೆ, ಕೆಸರು ಹಸಿಯಿದ್ದೂ ಕಾಲು ಹೂಳದಷ್ಟು ಗಟ್ಟಿಯಾದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ. ಜಾರುವ ಹಸಿರು ಲೋಳೆ ಪಾಚಿ, ಅದು ಬೇರೆ. ಕವಲೊಡೆದ ಎಲೆಯಂತೆ ನೆಲಕ್ಕಂಟಿ ಹರಡಿದ್ದು ಹಾವಸೆಯ ಬಂಧುವಾದ ರಿಕ್ಸಿಯಾ ಎಂಬ ಸಸ್ಯ ಇರಬಹುದು. ಕೆಲವೇ ಮಿಲಿಮೀಟರ್ ಎತ್ತರದ, ಪುಟ್ಟ ಎಲೆಗಳ ಗೊಂಚಲು ಕಂಡರೆ ಲೆನ್ಸ್ ಹಿಡಿಯಿರಿ. ನಡುವಿನಿಂದ ನೆಟ್ಟಗೆದ್ದ ಕಡ್ಡಿಯ ತುದಿಯಲ್ಲಿ ಚೊಂಬು ಕೂರಿಸಿದಂತೆ ಬೀಜಕಣದ ಕೋಶ ಇರುತ್ತದೆ. ಮುಚ್ಚಳ ಕಳಚಿದ್ದರೆ ಬಾಯಿಯ ಅಂಚನ್ನು ಗಮನಿಸಿ. ಬಹಳಷ್ಟು ಹಾವಸೆಗಳಿಗೆ ಅಲ್ಲಿ ಸಾಲಾಗಿ ಹಲ್ಲುಗಳಿರುತ್ತವೆ, ಫಿಸ್ಕೊಮಿಟ್ರಿಯಮ್‌ಗೆ ಇರುವುದಿಲ್ಲ.

ಪ್ರಭೇದ ಯಾವುದೆಂದು ಸೂಕ್ಷ್ಮದರ್ಶಕವೇ ಹೇಳಬೇಕು. ಅಳತೆಗೆ ಒಂದು ನಾಣ್ಯ ಇಟ್ಟು ಹತ್ತಿರದಿಂದ ಫೋಟೊ ತೆಗೆಯಿರಿ, ದಿನಾಂಕ, ಜಾಗ ಬರೆದುಕೊಳ್ಳಿ, ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ ತೋರಿಸಿ. ಮಾದರಿ ಬೇಕೆಂದು ಅವರೇ ಕೇಳಿದರೆ ಉಗುರಿನಗಲ ಸಾಕು. ಕಾಗದದ ಪೊಟ್ಟಣದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ಬೂಸ್ಟು ಹಿಡಿಯುತ್ತದೆ. ಅಂಗೈಯಗಲವೂ ಇಲ್ಲದ ಕಡೆ ಮುಟ್ಟಲೇಬೇಡಿ.

ಇನ್ನು ಉಳಿಸುವ ಮಾತು. ಕಿತ್ತು ತಂದು ಕುಂಡದಲ್ಲಿ ಸಾಕಿದರೆ ಇದು ಉಳಿದಂತಲ್ಲ. ಗಿಡ ಒಣಗಿದ ಮೇಲೂ ಬೀಜಕಣಗಳು ಕೆಸರಿನಲ್ಲೇ ಕಾದಿರುತ್ತವೆ, ನೀರು ಮತ್ತೆ ಇಳಿದಾಗ ಮೊಳೆಯುತ್ತವೆ. ಆದ್ದರಿಂದ ಕಾಯಬೇಕಾದ್ದು ಆ ಕೆಸರನ್ನು, ಹೊಳೆಯ ಏರಿಳಿತವನ್ನು. ಮರಳು ತೆಗೆಯಲು ದಂಡೆ ಬಗೆದರೆ ಬೀಜಕಣದ ದಾಸ್ತಾನೇ ಹೋಯಿತು. ಕಾಂಕ್ರೀಟ್ ತಡೆಗೋಡೆ ಕಟ್ಟಿದರೆ ಮೊಳೆಯಲು ನೆಲವೇ ಇಲ್ಲ. ದಂಡೆಗೆ ತಾಗಿದ ಅಡಿಕೆ ತೋಟದವರು ಹೊಳೆಯ ಕಡೆಯ ಅಂಚಿಗಾದರೂ ಕಳೆನಾಶಕ ಹೊಡೆಯದಿರಲಿ. ಆದರೆ ದನ ನೀರಿಗಿಳಿಯುವ ದಾರಿಗೆ ಬೇಲಿ ಹಾಕಬೇಡಿ! ಹುಲ್ಲು ಪೂರ್ತಿ ಮುಚ್ಚಿಕೊಂಡರೆ ಹಾವಸೆಗೆ ಬೆಳಕು ಸಿಗದು, ಗೊರಸು ಅಷ್ಟಿಷ್ಟು ತುಳಿದರೆ ನೆಲ ತೆರೆದಿರುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಹೆಸರು ಖಚಿತವಾದ ಮೇಲೆ ಫೋಟೊ, ಜಾಗದ ವಿವರ ಸೇರಿಸಿ, ಇದನ್ನು ದಾಖಲಾತಿಯಲ್ಲಿ ಬರೆದುಕೊಳ್ಳಿ ಎಂದು ಸಮಿತಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ದಂಡೆಯ ಕಾಮಗಾರಿ ಗ್ರಾಮಸಭೆಯಲ್ಲಿ ಚರ್ಚೆಗೆ ಬಂದ ದಿನ ಅದೇ ಪ್ರತಿಯನ್ನು ಮುಂದಿಟ್ಟು, ಆ ಭಾಗವನ್ನು ಬಿಟ್ಟು ಕೆಲಸ ಮಾಡಿ ಎಂದು ಕೇಳಬಹುದು.