‘ಆಗ ನಿಮಗೆ ಏನನ್ನಿಸಿತು?’ ಅಂತ ನಾನು ಯಾವಾಗ ಕೇಳುತ್ತೇನೆ

ಕೌನ್ಸೆಲಿಂಗ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವ ಮಾತು ಇದು: ‘ಆಗ ನಿಮಗೆ ಏನನ್ನಿಸಿತು?’ ನಾನೂ ಕೇಳುತ್ತೇನೆ. ಆದರೆ ಬಂದು ಕೂತ ಕೂಡಲೇ ಕೇಳುವುದಿಲ್ಲ. ತಮಗೆ ಏನಾಗುತ್ತಿದೆ ಅಂತ ಗೊತ್ತಾಗದೆ ತಾನೇ ಎಷ್ಟೋ ಜನ ನಮ್ಮ ಹತ್ತಿರ ಬರುವುದು? ಅವರಿಗೆ ಈ ಪ್ರಶ್ನೆ ಪರೀಕ್ಷೆಯ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ಅದಕ್ಕೆ ಮೊದಲು ನಡೆದದ್ದನ್ನು ವಿಚಾರಿಸುತ್ತೇನೆ. ‘ಅಪ್ಪ ಹಾಗಂದಾಗ ನೀವು ಏನ್ಮಾಡಿದ್ರಿ?’ ‘ಏನಿಲ್ಲ, ಸುಮ್ನೆ ಎದ್ದು ರೂಮಿಗೆ ಹೋದೆ’ ಅನ್ನುತ್ತಾರೆ. ಅನ್ನುವಾಗ ಮುಷ್ಟಿ ಬಿಗಿದಿರುತ್ತದೆ. ‘ಈಗಲೂ ಕೈ ಬಿಗಿ ಹಿಡಿದಿದ್ದೀರಿ, ಅಲ್ವಾ?’ ಅಂದರೆ ಎಷ್ಟೋ ಸಲ ಮುಂದಿನ ಮಾತು ತಾನಾಗಿ ಬರುತ್ತದೆ.

‘ನಿಮ್ಮ ನೋವು ನನಗೆ ಅರ್ಥವಾಗುತ್ತೆ’ ಅನ್ನುವ ಮಾತನ್ನು ಮಾತ್ರ ನಾನು ಬಳಸುವುದೇ ಇಲ್ಲ. ಈಗಷ್ಟೇ ಪರಿಚಯವಾದವರ ನೋವು ಅರ್ಥವಾಯ್ತು ಅನ್ನಲು ನಾನ್ಯಾರು? ಅದರ ಬದಲು, ನನಗೆ ತಿಳಿದಷ್ಟನ್ನು ಹೇಳಿ, ಸರಿಯಾ ಅಂತ ಕೇಳುತ್ತೇನೆ. ‘ಸಿಟ್ಟಿಗಿಂತ ಜಾಸ್ತಿ, ಮನೇಲಿ ಯಾರೂ ನಿಮ್ಮ ಪರ ಮಾತಾಡಲಿಲ್ಲ ಅನ್ನೋದೇ ಕಾಡ್ತಿದೆ ಅನ್ಸುತ್ತೆ. ಹೌದಾ?’ ‘ಇಲ್ಲ, ಹಾಗಲ್ಲ’ ಅಂದರೂ ಒಳ್ಳೆಯದೇ. ಹಾಗಲ್ಲ ಅಂದವರು ಮತ್ತೆ ಹೇಗೆ ಅಂತ ಹೇಳತೊಡಗುತ್ತಾರೆ. ನನಗೆ ಬೇಕಿರುವುದೂ ಅದೇ.

ಎದುರಿನವರ ಮಾತನ್ನೇ ಅವರಿಗೆ ಮರಳಿ ಹೇಳುವ ವಿಧಾನ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೆಸರಿಗೆ ಅಂಟಿಕೊಂಡಿದೆ. ಗಿಳಿಪಾಠ ಅಂತ ಅದನ್ನು ಆಡಿಕೊಂಡವರೂ ಉಂಟು. ತಾನು ಮಾಡುತ್ತಿರುವುದು ಅದಲ್ಲ, ತನಗೆ ಅರ್ಥವಾದದ್ದು ಸರಿಯಿದೆಯಾ ಅಂತ ನೋಡಿಕೊಳ್ಳುವುದು ಎಂದು ರೋಜರ್ಸ್ 1986ರಲ್ಲಿ ಬರೆದರು. ನಾನು ನಂಬುವುದು ಇದನ್ನೇ. ‘ಹೌದಾ?’ ಅಂತ ಕೇಳುವಾಗ ಉತ್ತರ ನನಗೆ ನಿಜವಾಗಿ ಗೊತ್ತಿರಬಾರದು.

‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ’ ಅನ್ನುವುದು ಪೂರ್ತಿ ನಿಜವಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಮಗುವಿಗೆ ಹಿಂಸೆಯಾಗುತ್ತಿದ್ದರೆ, ಹೊರಗೆ ಹೇಳಬೇಕಾಗಬಹುದು. ಇದನ್ನು ಮೊದಲ ದಿನವೇ ಬಿಡಿಸಿ ಹೇಳುತ್ತೇನೆ. ಹಾಗೆಯೇ ಸಾಯುವ ಯೋಚನೆ ಇದೆ ಅನ್ನಿಸಿದರೆ ‘ಸಾಯಬೇಕು ಅನ್ಸಿದೆಯಾ?’ ಅಂತ ನೇರವಾಗಿ ಕೇಳುತ್ತೇನೆ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ತಲೆಗೆ ಬರುವುದಿಲ್ಲ. ಸುತ್ತಿಬಳಸಿ ಕೇಳಿದರೆ ಉತ್ತರವೂ ಸುತ್ತಿಬಳಸಿಯೇ ಬರುತ್ತದೆ.

ಇನ್ನು ‘ಇವತ್ತಿಗೆ ಸಮಯ ಆಯ್ತು’. ಒಂದು ಸೆಷನ್ ಸಾಮಾನ್ಯವಾಗಿ 50 ನಿಮಿಷ. ತುಂಬಾ ಭಾರವಾದ ಮಾತು ಎಷ್ಟೋ ಸಲ ಕೊನೆಗೇ ಬರುತ್ತದೆ, ಬಾಗಿಲಿಗೆ ಕೈ ಹಾಕಿದಾಗ. ‘ಅಂದಹಾಗೆ, ನಾನು ಕೆಲಸ ಬಿಟ್ಟೆ, ಮನೇಲಿ ಯಾರಿಗೂ ಹೇಳಿಲ್ಲ.’ ಇನ್ನು ಹತ್ತು ನಿಮಿಷವಿದೆ ಅಂತ ನಾನೇ ಮೊದಲೇ ನೆನಪಿಸುವುದು ಇದಕ್ಕೇ. ಆದರೂ ಬಾಗಿಲಲ್ಲೇ ಹೇಳಿದರೆ ಬರೆದಿಟ್ಟುಕೊಂಡು, ಮುಂದಿನ ಸಲ ಅಲ್ಲಿಂದಲೇ ಶುರು ಮಾಡೋಣ್ವಾ ಅಂತ ಕೇಳುತ್ತೇನೆ. ಬೇಡ ಅಂದರೆ ಬೇಡ. ಜೀವಕ್ಕೆ ಅಪಾಯದ ಸುಳಿವಿದ್ದರೆ ಮಾತ್ರ ಗಡಿಯಾರ ನೋಡುವುದಿಲ್ಲ, ಆಗಲೇ ವಾಪಸ್ ಕರೆದು ಕೂರಿಸಿಕೊಳ್ಳುತ್ತೇನೆ.