ಹುಬ್ಬಳ್ಳಿಯಲ್ಲಿ ಕೂತು ಡೇಟೋನಾ 24 ತಾಸಿನ ರೇಸ್ ನೋಡುವ ಬಗೆ

ಜನವರಿ ಕೊನೆಯ ಒಂದು ಶನಿವಾರ ಅಮೆರಿಕದ ಫ್ಲಾರಿಡಾದ ಡೇಟೋನಾದಲ್ಲಿ ಈ ಕಾರ್ ರೇಸ್ ಶುರು. ಇತ್ತೀಚಿನ ವರ್ಷಗಳಂತೆ ಅಲ್ಲಿ ಮಧ್ಯಾಹ್ನ 1:40ಕ್ಕೆ ಹಸಿರು ಬಾವುಟ ಬೀಸಿದರೆ ನಮ್ಮಲ್ಲಿ ಆಗ ಶನಿವಾರ ಕಳೆದು ರಾತ್ರಿ 12:10. ಅಲ್ಲಿ ಹೊತ್ತು ಮುಳುಗುವುದು ನಮ್ಮ ನಸುಕಿನ ನಾಲ್ಕೂವರೆಗೆ, ಮೂಡುವುದು ಸಂಜೆ ಪೌಣೆ ಆರಕ್ಕೆ. ಅಂದರೆ ರೇಸಿನ ರಾತ್ರಿಯೆಲ್ಲ ನಮ್ಮ ರವಿವಾರದ ಹಗಲಿನಲ್ಲೇ ಬರುತ್ತದೆ. ಮೊದಲ ಎರಡು ತಾಸು ನೋಡಿ ಮಲಗಿ, ಎಂಟಕ್ಕೆ ಎದ್ದು ಅವಲಕ್ಕಿ ತಿಂದು ಮತ್ತೆ ಕೂಡಿರಿ. ಕೊನೆಯ ಮೂರು ತಾಸು, ರಾತ್ರಿ ಒಂಬತ್ತರಿಂದ, ಏನೇ ಆದರೂ ಬಿಡಬೇಡಿ.

ಅಮೆರಿಕದ ಹೊರಗಿನವರಿಗೆ ನೇರಪ್ರಸಾರ ಈ ರೇಸ್ ನಡೆಸುವ ಸಂಸ್ಥೆ ಇಮ್ಸಾದ ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿ ಬರುತ್ತಾ ಬಂದಿದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ 720ಪಿಯಲ್ಲಿ ಎರಡು ತಾಸೂ ಬರಲಿಕ್ಕಿಲ್ಲ. ಮನೆಯ ವೈಫೈ ಇರಲಿ, ಇಲ್ಲದಿದ್ದರೆ 480ಪಿಗೆ ಇಳಿಸಿ. ಕರೆಂಟ್ ಹೋದಾಗ ಟಿವಿಗಿಂತ ಮೊದಲು ಕೈಕೊಡುವುದು ರೂಟರ್. ಅದಕ್ಕೊಂದು ಸಣ್ಣ ಯುಪಿಎಸ್ ಹಾಕಿಡಿ. ಕೊಳ್ಳುವಾಗ ವೋಲ್ಟ್ ರೂಟರಿನ ಅಡಾಪ್ಟರ್ ಮೇಲೆ ಬರೆದಷ್ಟೇ ಇದೆಯೇ ನೋಡಿ.

ಟ್ರ್ಯಾಕು ತಲೆಯಲ್ಲಿ ಕೂತರೆ ರೇಸ್ ಅರ್ಧ ತಿಳಿದಂತೆ. 1959ರಲ್ಲಿ ತೆರೆದ ಈ ಸ್ಪೀಡ್‌ವೇಯ ದೊಡ್ಡ ತಿರುವುಗಳು 31 ಡಿಗ್ರಿ ವಾಲಿವೆ: ಹತ್ತು ಅಡಿ ಅಡ್ಡ ಸರಿದರೆ ಆರು ಅಡಿ ಏರು. 1962ರಲ್ಲಿ, ಇದಿನ್ನೂ ಮೂರು ತಾಸಿನ ರೇಸ್ ಆಗಿದ್ದಾಗ, ಅಮೆರಿಕದ ಚಾಲಕ ಡ್ಯಾನ್ ಗರ್ನಿಯ ಕಾರಿನ ಎಂಜಿನ್ ಕೊನೆಯ ನಿಮಿಷಗಳಲ್ಲಿ ಕೆಟ್ಟಿತು. ಅವರು ಮುಕ್ತಾಯದ ಗೆರೆಗಿಂತ ಸ್ವಲ್ಪ ಹಿಂದೆ, ಇಳಿಜಾರಿನ ಮೇಲ್ಗಡೆ ಕಾರು ನಿಲ್ಲಿಸಿ, ಹೊತ್ತು ತುಂಬುವತನಕ ಕಾದು, ಬ್ರೇಕ್ ಬಿಟ್ಟು ಉರುಳಿಕೊಂಡೇ ಗೆರೆ ದಾಟಿ ಗೆದ್ದರು. 24 ತಾಸಿನ ರೇಸ್ ಆದದ್ದು 1966ರಲ್ಲಿ.

ಈ ರೇಸಿನಲ್ಲಿ ಕಾರುಗಳು ಹೊರಗಿನ ಓವಲ್ ಟ್ರ್ಯಾಕ್ ಅಷ್ಟೇ ಸುತ್ತುವುದಿಲ್ಲ, ಒಳಗಿನ ಅಂಕುಡೊಂಕಿನ ರಸ್ತೆಗೂ ಇಳಿಯುತ್ತವೆ. ಒಂದು ಸುತ್ತು 5.73 ಕಿ.ಮೀ. ಎಲ್ಲಕ್ಕಿಂತ ವೇಗದ ವರ್ಗವಾದ ಜಿಟಿಪಿಯ ಕಾರಿಗೆ ಸುಮಾರು 97 ಸೆಕೆಂಡು ಬೇಕು. ಆ ಲೆಕ್ಕದಲ್ಲಿ ಹುಬ್ಬಳ್ಳಿಯಿಂದ ಧಾರವಾಡದ 20 ಕಿ.ಮೀ. ಆರು ನಿಮಿಷದೊಳಗೆ ಮುಗಿಯುತ್ತದೆ. ನಿಧಾನದ ವರ್ಗವಾದ ಜಿಟಿಡಿಯ ಕಾರಿಗೆ ಹತ್ತು ಸೆಕೆಂಡು ಹೆಚ್ಚು. ಹೀಗಾಗಿ ಪ್ರತಿ ಹನ್ನೊಂದು ಸುತ್ತಿಗೊಮ್ಮೆ ವೇಗದವರು ನಿಧಾನದವರನ್ನು ದಾಟಲೇಬೇಕು, ಹೆಚ್ಚಿನ ಡಿಕ್ಕಿಗಳು ಅಲ್ಲೇ.

ನಾಲ್ಕು ವರ್ಗಗಳ ಕಾರುಗಳು ಒಟ್ಟಿಗೆ ಓಡುತ್ತವೆ. ಕಾರಿನ ಸಂಖ್ಯೆಯ ಫಲಕ ನೋಡಿ ಗುರುತಿಸಿ: ಜಿಟಿಪಿಗೆ ಕಪ್ಪು, ಎಲ್‌ಎಂಪಿ2ಗೆ ನೀಲಿ, ಜಿಟಿಡಿ ಪ್ರೊಗೆ ಕೆಂಪು, ಜಿಟಿಡಿಗೆ ಹಸಿರು. ನಾಲ್ಕನ್ನೂ ಹಿಂಬಾಲಿಸಹೋದರೆ ಒಂದೂ ಸಿಗುವುದಿಲ್ಲ. ಒಂದು ವರ್ಗ, ಅದರಲ್ಲಿ ಮೂರು ಕಾರು ಆರಿಸಿ.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕಾರಿಗೆ ಒಂದು ಪುಟ: ಪಿಟ್‌ಗೆ (ಇಂಧನ, ಟೈರ್‌ಗಾಗಿ ನಿಲ್ಲುವ ಜಾಗಕ್ಕೆ) ಬಂದ ಹೊತ್ತು, ಚಾಲಕ ಬದಲಾದನೇ, ಮುಂಚೂಣಿಗಿಂತ ಎಷ್ಟು ಸುತ್ತು ಹಿಂದೆ. ಸೆಕೆಂಡುಗಳನ್ನು ಬರೆಯಬೇಡಿ. ಹಳದಿ ಬಾವುಟ ಬಂದರೆ ಸೇಫ್ಟಿ ಕಾರಿನ ಹಿಂದೆ ಎಲ್ಲರೂ ಸಾಲುಗಟ್ಟುತ್ತಾರೆ, 40 ಸೆಕೆಂಡಿನ ಮುನ್ನಡೆ ಕರಗಿಹೋಗುತ್ತದೆ. ಸುತ್ತು ಕಳೆದುಕೊಂಡರೆ ಮಾತ್ರ ನಿಜವಾದ ಪೆಟ್ಟು: ಗ್ಯಾರೇಜಿನಲ್ಲಿ ಹತ್ತು ನಿಮಿಷ ನಿಂತ ಜಿಟಿಪಿ ಕಾರಿಗೆ ಆರು ಸುತ್ತು ಹೋಯಿತು.

ಅಲ್ಲಿನ ರಾತ್ರಿಯಲ್ಲಿ ಟೈರ್ ಮೇಲೆ ಕಣ್ಣಿಡಿ. ಟೈರ್ ಮೊದಲೇ ಬಿಸಿಮಾಡಿ ಹಾಕಲು ಇಲ್ಲಿ ಅನುಮತಿಯಿಲ್ಲ. ಚಳಿಯಲ್ಲಿ ಹೊಸ ಟೈರ್ ಹಾಕಿಕೊಂಡು ಹೊರಟ ಕಾರು ಮೊದಲ ಒಂದೆರಡು ಸುತ್ತು ಹಿಡಿತವಿಲ್ಲದೆ ಜಾರುತ್ತದೆ, ಒಳರಸ್ತೆಯ ತಿರುವುಗಳಲ್ಲಿ ಗಿರ್ರನೆ ತಿರುಗಿಬಿಡುತ್ತದೆ. ನಿಮ್ಮ ಕಾರು ಪಿಟ್‌ನಿಂದ ಹೊರಬಿದ್ದ ಮೇಲೆ ಚಹಾಕ್ಕೆ ಏಳಬೇಡಿ.

ನಮ್ಮ ರಾತ್ರಿ ಹನ್ನೊಂದಕ್ಕೆ ನೋಟ್‌ಬುಕ್ ತೆಗೆಯಿರಿ, ರೇಸ್ ಮುಗಿಯುವುದು 12:10ಕ್ಕೆ. ಒಂದು ಟ್ಯಾಂಕ್ ಮುಕ್ಕಾಲು ತಾಸಿನಿಂದ ಒಂದು ತಾಸು ಬರುತ್ತದೆ. 11:10ಕ್ಕಿಂತ ಮೊದಲೇ ಪಿಟ್ ಮುಗಿಸಿದವನಿಗೆ ಇನ್ನೊಮ್ಮೆ ಪೆಟ್ರೋಲ್ ಹಾಕಿಸಲೇಬೇಕು, ನಡುವೆ ಉದ್ದನೆಯ ಹಳದಿ ಬಂದು ಇಂಧನ ಉಳಿದರೆ ಮಾತ್ರ ಪಾರು. ಪರದೆಯ ಮೇಲೆ ಮೊದಲಿಗನಾಗಿ ಕಾಣುವವನು ನಿಜಕ್ಕೂ ಮೊದಲಿಗನೇ ಎಂಬುದು ನಿಮ್ಮ ಪುಟದಲ್ಲೇ ಗೊತ್ತಾಗುತ್ತದೆ.