ಹಳೆಯ ಮೇಷ್ಟ್ರ ಹತ್ತಿರ ರೆಫರೆನ್ಸ್ ಕೇಳುವಾಗ

ಮುಂಬೈ ಕನ್ನಡಿಗರ ಮನೆಯಲ್ಲಿ ವಿದೇಶದ ಓದಿಗೋ ಕೆಲಸಕ್ಕೋ ರೆಫರೆನ್ಸ್, ಅಂದರೆ ಶಿಫಾರಸು, ಬೇಕೆಂದ ಕೂಡಲೇ ಮೊದಲು ನೆನಪಾಗುವುದು ಸಂಘದ ಅಧ್ಯಕ್ಷರು. ದೊಡ್ಡವರ ಲೆಟರ್‌ಹೆಡ್ಡಿಗೆ ತೂಕ ಜಾಸ್ತಿ ಎಂಬ ನಂಬಿಕೆ. ಆದರೆ ‘ಒಳ್ಳೆಯ ಮನೆತನದ ಹುಡುಗ, ಸಮಾಜಸೇವೆಯಲ್ಲಿ ಆಸಕ್ತಿ ಇದೆ’ ಎಂದು ಬರೆದ ಪತ್ರದಿಂದ ಆಯ್ಕೆ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಟಿವೈಬಿಎಸ್ಸಿಯಲ್ಲಿ (ಬಿಎಸ್ಸಿಯ ಕೊನೆಯ ವರ್ಷ) ನಿಮ್ಮ ಪ್ರಾಜೆಕ್ಟ್ ನೋಡಿಕೊಂಡ ಲೆಕ್ಚರರ್ ‘ಮೊದಲ ಸಲ ರೀಡಿಂಗ್ ತಪ್ಪಿತು, ಯಾಕೆಂದು ತಾನೇ ಹುಡುಕಿ ಮತ್ತೆ ಮಾಡಿದ’ ಎಂದು ಬರೆದರೆ ಆ ಒಂದು ಸಾಲೇ ಸಾಕು. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ಯಾರು ಎಂಬುದೊಂದೇ ಇಲ್ಲಿನ ಪ್ರಶ್ನೆ.

ನೂರಕ್ಕೂ ಹೆಚ್ಚು ಮಕ್ಕಳಿರುವ ಡಿವಿಜನ್ನಿನಲ್ಲಿ ಪಾಠ ಮಾಡಿದವರಿಗೆ ನಿಮ್ಮ ಮುಖ ನೆನಪಿರಬಹುದು, ಕೆಲಸ ನೆನಪಿರುವುದಿಲ್ಲ. ಹಾಗಾಗಿ ಪ್ರಾಕ್ಟಿಕಲ್, ಪ್ರಾಜೆಕ್ಟ್, ಸೆಮಿನಾರ್ ನಡೆಸಿಕೊಟ್ಟವರನ್ನು ಹಿಡಿಯಿರಿ. ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಮೂರು ಪತ್ರ ಕೇಳುತ್ತವೆ, ಬ್ರಿಟನ್ನಿನಲ್ಲಿ ಹೆಚ್ಚಾಗಿ ಎರಡು. ಒಬ್ಬರು ಹಿಂದೆ ಸರಿದರೆ ಎಂದು ಮನಸ್ಸಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡಿರಿ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದವರಿಗೆ ಹೋಟೆಲ್ ಮ್ಯಾನೇಜರ್ ಕೂಡ ಒಳ್ಳೆಯ ರೆಫರೆನ್ಸ್. ಕ್ಯಾಷ್ ಕೌಂಟರ್ ಎಷ್ಟು ಕಾಲ ನೋಡಿಕೊಂಡಿರಿ, ಲೆಕ್ಕ ತಾಳೆಯಾಗುತ್ತಿತ್ತೇ, ಶಿಫ್ಟ್ ತಪ್ಪಿಸಿದ್ದಿರೇ ಎಂಬುದನ್ನು ಅವರಷ್ಟು ಖಚಿತವಾಗಿ ಯಾರೂ ಹೇಳಲಾರರು. ಅವರಿಗೆ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ, ಸಂಜೆಯ ಚಹಾ-ತಿಂಡಿಯ ಗಿರಾಕಿಗಳು ಬರುವ ಮೊದಲು ಫೋನ್ ಮಾಡಿ.

ಮಾವ, ಚಿಕ್ಕಪ್ಪ, ಭಾವ ಬೇಡ. ಇಲ್ಲಿ ನಮ್ಮವರಿಗೇ ಇರುವ ಒಂದು ತೊಡಕಿದೆ: ಅರ್ಜಿದಾರರೂ ಶೆಟ್ಟಿ, ರೆಫರೆನ್ಸ್ ಕೊಡುವವರೂ ಶೆಟ್ಟಿ ಆದರೆ ಪುಣೆಯ ಹಿಂಜವಡಿಯಲ್ಲಿ ಕೂತ ಎಚ್ಆರ್‌ಗೆ ಇಬ್ಬರೂ ಒಂದೇ ಮನೆಯವರಂತೆ ಕಾಣುತ್ತಾರೆ. ಸಂಬಂಧ ಕೇಳುವ ಕಾಲಮ್ಮಿನಲ್ಲಿ ‘ಪ್ರಾಜೆಕ್ಟ್ ಗೈಡ್, ಕುಟುಂಬದ ಸಂಬಂಧವಿಲ್ಲ’ ಎಂದು ಬಿಡಿಸಿ ಬರೆದರೆ ಅನುಮಾನಕ್ಕೆ ಎಡೆಯಿಲ್ಲ.

ಕೊನೆಯ ದಿನಕ್ಕೆ ನಾಲ್ಕರಿಂದ ಆರು ವಾರ ಮೊದಲೇ ಕೇಳಬೇಕು. ಅಮೆರಿಕದ ಅನೇಕ ಕಡೆ ಡಿಸೆಂಬರ್ 1ರಿಂದ ಜನವರಿ 15ರೊಳಗೆ ಅರ್ಜಿ ಮುಗಿಯುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಕಾಲೇಜುಗಳಲ್ಲಿ ಗಣಪತಿ, ಸೆಮಿಸ್ಟರ್ ಪರೀಕ್ಷೆ, ದೀಪಾವಳಿ ರಜೆ, ಪೇಪರ್ ತಿದ್ದುವ ಕೆಲಸ ಸಾಲಾಗಿ ಬರುತ್ತವೆ. ಸೆಪ್ಟೆಂಬರಿನಲ್ಲಿ ಕೇಳಿದವರು ಬಚಾವ್. ಮೇ ತಿಂಗಳಲ್ಲಿ ಊರಿಗೆ ಹೊರಟ ಮೇಷ್ಟ್ರಿಗೆ ಮತ್ಸ್ಯಗಂಧ ರೈಲಿನಲ್ಲಿರುವಾಗ ಫೋನ್ ಮಾಡಿದರೆ ಕೊಂಕಣ ರೈಲ್ವೆಯ ಸುರಂಗಗಳೇ ಅರ್ಧ ಮಾತು ನುಂಗಿಬಿಡುತ್ತವೆ.

ಕಾಲೇಜು ಹತ್ತಿರವಿದ್ದರೆ ಸ್ಟಾಫ್ ರೂಮಿಗೇ ಹೋಗಿ. ವಾಸ್ಕೋದಲ್ಲೋ ಪುಣೆಯಲ್ಲೋ ಇದ್ದರೆ ಮೊದಲು ಸಣ್ಣದೊಂದು ಮೆಸೇಜ್ ಹಾಕಿ. ಬರೀ ‘ನಮಸ್ತೆ ಸರ್, ಹೇಗಿದ್ದೀರಿ?’ ಎಂದು ಕಳಿಸಿ ಉತ್ತರಕ್ಕೆ ಕಾಯಬೇಡಿ. ವಿಷಯವೂ ಅದರಲ್ಲೇ ಇರಲಿ:

‘ನಮಸ್ಕಾರ ಮೇಡಂ. ನಾನು 2021ರ ಬ್ಯಾಚಿನ ಸುಜಾತಾ, ಕೊನೆಯ ವರ್ಷದಲ್ಲಿ ನಿಮ್ಮ ಕೈಕೆಳಗೆ ನೀರಿನ ಗುಣಮಟ್ಟದ ಪ್ರಾಜೆಕ್ಟ್ ಮಾಡಿದ್ದೆ. ಎಂಎಸ್‌ಗೆ ನಾಲ್ಕು ಕಡೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಕೆಲಸದ ಬಗ್ಗೆ ಒಳ್ಳೆಯ ಶಿಫಾರಸು ಬರೆಯುವಷ್ಟು ನಿಮಗೆ ನೆನಪಿದೆಯೇ? ಮೊದಲ ಗಡುವು ಡಿಸೆಂಬರ್ 1. ಈಗ ಬಿಡುವಿಲ್ಲದಿದ್ದರೆ ಖಂಡಿತ ಹೇಳಿ, ಬೇರೆಯವರನ್ನು ಕೇಳುತ್ತೇನೆ.’

ಕೊನೆಯ ಸಾಲನ್ನು ಬಿಡಬೇಡಿ. ನಮ್ಮ ಮೇಷ್ಟ್ರುಗಳಿಗೆ ಇಲ್ಲ ಎನ್ನಲು ಸಂಕೋಚ. ‘ನೋಡೋಣ’ ಎಂದು ಸುಮ್ಮನಾದವರು ಗಡುವಿನ ಹಿಂದಿನ ರಾತ್ರಿಯವರೆಗೂ ಕಾಯಿಸುತ್ತಾರೆ, ಇಲ್ಲವೇ ಯಾರಿಗೂ ಹೊಂದುವ ನಾಲ್ಕು ಸಾಲು ಬರೆದು ಮುಗಿಸುತ್ತಾರೆ. ಅರೆಮನಸ್ಸಿನ ಪತ್ರಕ್ಕಿಂತ ನೇರವಾಗಿ ಬೇಡ ಎಂದವರೇ ವಾಸಿ.

ಒಪ್ಪಿದ ಮೇಲೆ ಬೇಕಾದದ್ದೆಲ್ಲ ಒಂದೇ ಈಮೇಲಿನಲ್ಲಿ ಹೋಗಲಿ: ಒಂದು ಪುಟದ ರೆಸ್ಯೂಮೆ, ಮಾರ್ಕ್ಸ್ ಕಾರ್ಡ್, ಪ್ರಾಜೆಕ್ಟ್ ವರದಿಯ ಪಿಡಿಎಫ್, ಎಲ್ಲೆಲ್ಲಿಗೆ ಯಾವ ದಿನಾಂಕದೊಳಗೆ ಎಂಬ ಪಟ್ಟಿ. ಜೊತೆಗೆ ನೆನಪಿನ ಟಿಪ್ಪಣಿ ಎಂದು ನಾಲ್ಕೈದು ಸಾಲು. ಇದೇ ಮುಖ್ಯ. ‘ನಾನು ಶ್ರಮಜೀವಿ’ ಎಂದು ಬರೆದರೆ ಅವರಿಗೆ ಉಪಯೋಗವಿಲ್ಲ. ‘ಕೊನೆಯ ವರ್ಷದ ಎರಡನೇ ಸೆಮಿಸ್ಟರಿನಲ್ಲಿ ಮೂರು ಬಾವಿಗಳ ಸ್ಯಾಂಪಲ್ ತಂದಿದ್ದೆವು, ಒಂದರ ಪಿಎಚ್ ಸರಿ ಬರಲಿಲ್ಲ, ಮೀಟರನ್ನೇ ಮತ್ತೆ ಕ್ಯಾಲಿಬ್ರೇಟ್ ಮಾಡಿದೆ’ ಎಂದರೆ ಮೇಡಮ್ಮಿಗೂ ಆ ದಿನ ನೆನಪಾಗುತ್ತದೆ, ಪತ್ರದಲ್ಲೂ ಅದು ಬರುತ್ತದೆ. ಇಬ್ಬರು ಮೇಷ್ಟ್ರಿಗೆ ಒಂದೇ ಟಿಪ್ಪಣಿ ಕಳಿಸಿದರೆ ಎರಡು ಪತ್ರವೂ ಒಂದೇ ರಾಗ ಹಾಡುತ್ತವೆ. ಒಬ್ಬರಿಗೆ ಲ್ಯಾಬಿನ ವಿಷಯ, ಇನ್ನೊಬ್ಬರಿಗೆ ಸೆಮಿನಾರಿನದು ಎಂದು ಹಂಚಿ.

‘ನೀನೇ ಬರೆದು ತಾ, ಸೈನ್ ಹಾಕ್ತೇನೆ’ ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಸುಲಭವೆನಿಸಿದರೂ ಬೇಡ. ಅರ್ಜಿದಾರರೇ ಬರೆದ ಪತ್ರವನ್ನು ಹಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ, ಯಾಕೆ ಓದಬೇಕೆಂದು ಅರ್ಜಿಯ ಜೊತೆ ನೀವೇ ಬರೆದುಕೊಡುವ ಎಸ್ಒಪಿಯ ಶೈಲಿ ಪತ್ರದಲ್ಲೂ ಕಂಡರೆ ಓದುವವರಿಗೆ ಗೊತ್ತಾಗಿಬಿಡುತ್ತದೆ. ‘ಸರ್, ವಿವರ ಎಲ್ಲ ಬರೆದು ಕೊಡುತ್ತೇನೆ, ಮಾತು ಮಾತ್ರ ನಿಮ್ಮದೇ ಇರಲಿ’ ಎಂದು ಟಿಪ್ಪಣಿಯನ್ನು ಇನ್ನಷ್ಟು ತುಂಬಿಸಿ ಕೊಡಿ. ಇಂಗ್ಲಿಷ್ ಬರೆಯಲು ಹಿಂಜರಿಯುವ ಕನ್ನಡ ಶಾಲೆಯ ಮೇಷ್ಟ್ರಾದರೆ ಕನ್ನಡದಲ್ಲೇ ಬರೆಯಲಿ. ಅನುವಾದ ನಡೆಯುತ್ತದೆಯೇ, ಅದನ್ನು ಯಾರು ಮಾಡಬೇಕು ಎಂದು ಅರ್ಜಿ ಕರೆದವರನ್ನೇ ಕೇಳಿ.

ಆನ್‌ಲೈನ್ ಅರ್ಜಿಯಲ್ಲಿ ಪತ್ರ ನಿಮ್ಮ ಕೈಗೆ ಬರುವುದೇ ಇಲ್ಲ. ಮೇಷ್ಟ್ರ ಈಮೇಲಿಗೆ ಲಿಂಕ್ ಹೋಗುತ್ತದೆ, ಅವರೇ ಅಪ್‌ಲೋಡ್ ಮಾಡಬೇಕು. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಅಮೆರಿಕದ ಅರ್ಜಿಗಳಲ್ಲಿ ಕೇಳುತ್ತಾರೆ. ಹೌದು ಎನ್ನುವುದೇ ರೂಢಿ, ನೀವು ಓದದ ಪತ್ರಕ್ಕೆ ನಂಬಿಕೆ ಹೆಚ್ಚು. ಕಾಲೇಜಿನ ಈಮೇಲ್ ಐಡಿ ಕೊಡಿ, ಆದರೆ ಅದನ್ನು ಅವರು ದಿನಾ ತೆರೆಯುತ್ತಾರೆಯೇ ಎಂದು ಮೊದಲು ವಿಚಾರಿಸಿ. ನಿವೃತ್ತರಾದವರ ಐಡಿ ಬಂದ್ ಆಗಿರಬಹುದು. ಆಗ ಅವರ ಸ್ವಂತ ಐಡಿ ಕೊಟ್ಟು, ಹಿಂದಿನ ಹುದ್ದೆ ಮತ್ತು ನಿವೃತ್ತಿಯ ವರ್ಷ ಬರೆಯಿರಿ, ಸಂಶಯವಿದ್ದರೆ ಪ್ರವೇಶ ವಿಭಾಗಕ್ಕೆ ಮೊದಲೇ ಮೇಲ್ ಹಾಕಿ. ಮೇಷ್ಟ್ರ ಹೆಸರಲ್ಲಿ ನೀವೇ ಒಂದು ಜೀಮೇಲ್ ತೆರೆಯುವ ಬುದ್ಧಿವಂತಿಕೆ ಬೇಡವೇ ಬೇಡ. ಸಿಕ್ಕಿಬಿದ್ದರೆ ಸಿಕ್ಕ ಸೀಟೂ ಹೋದೀತು.

ಲಿಂಕ್ ಕಳಿಸಿದ ದಿನವೇ ‘ಇಂಥ ಹೆಸರಿನಿಂದ ಮೇಲ್ ಬಂದಿರುತ್ತದೆ, ಕಾಣದಿದ್ದರೆ ಸ್ಪ್ಯಾಮ್ ನೋಡಿ’ ಎಂದು ತಿಳಿಸಿ. ಎರಡು ವಾರ ಇರುವಾಗ ಒಂದು ನೆನಪು, ಮೂರು ದಿನ ಇರುವಾಗ ಇನ್ನೊಂದು. ನಡುವೆ ದಿನಕ್ಕೊಂದು ಗುಡ್ ಮಾರ್ನಿಂಗ್ ಬೇಡ.

ಕೆಲಸದ ರೆಫರೆನ್ಸಿನಲ್ಲಿ ಪತ್ರಕ್ಕಿಂತ ಫೋನ್ ಮುಖ್ಯ. ರೆಸ್ಯೂಮೆಯಲ್ಲಿ ಅವರ ನಂಬರ್ ಹಾಕದೆ, ಕಂಪನಿ ಕೇಳಿದಾಗಷ್ಟೇ ಕೊಡಿ, ಪ್ರತಿ ಸಲವೂ ಮೊದಲು ಅವರ ಒಪ್ಪಿಗೆ ಪಡೆದು. ಲೋನ್ ಬೇಕೇ ಎಂಬ ಕರೆಗಳ ಕಾಟಕ್ಕೆ ಗುರುತಿಲ್ಲದ ನಂಬರನ್ನು ಈಗ ಯಾರೂ ಎತ್ತುವುದಿಲ್ಲ. ಹಾಗಾಗಿ ಕಂಪನಿಯ ಹೆಸರು, ಹುದ್ದೆ, ಯಾವ ವಾರ ಕರೆ ಬರಬಹುದು ಎಂದು ತಿಳಿಸಿಡಿ. ಬೆಳಗಿನ ಪಾಳಿಯ ಜೂನಿಯರ್ ಕಾಲೇಜಿನವರಾದರೆ ಮಧ್ಯಾಹ್ನದ ನಂತರ ಮಾಡಿ ಎಂದು ಎಚ್ಆರ್‌ಗೂ ಹೇಳಿ. ನೀವು ಇದ್ದ ತಿಂಗಳು, ವರ್ಷ, ಹುದ್ದೆ ನಿಮ್ಮ ರೆಸ್ಯೂಮೆಗೂ ಅವರ ಮಾತಿಗೂ ತಾಳೆಯಾಗಬೇಕು. ವೆರಿಫಿಕೇಶನ್ನಿನಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ.

ಸಿಹಿಯ ಡಬ್ಬಿ ಪತ್ರಕ್ಕೆ ಮೊದಲು ಕೊಟ್ಟರೆ ಮುಜುಗರ, ಫಲಿತಾಂಶ ಬಂದ ಮೇಲೆ ಕೊಟ್ಟರೆ ಸಂತೋಷ. ಸೀಟು ಸಿಗದಿದ್ದರೂ ಒಂದು ಸಾಲಿನಲ್ಲಿ ತಿಳಿಸಿ, ಮುಂದಿನ ವರ್ಷ ಅದೇ ಪತ್ರವನ್ನು ದಿನಾಂಕ ಬದಲಿಸಿ ಕೊಡುವವರು ಅವರೇ.